ಸಿಮೆಂಟು ನೆಲದ ಹಸುವಿಗೊಂದು ಹಾಸು

ಹಸು ಏಳುವುದನ್ನು ಒಂದು ಬೆಳಗ್ಗೆ ಹತ್ತಿರ ಕೂತು ನೋಡಿ. ಮುಂಗಾಲ ಮಂಡಿ ಮಡಿಚಿ ಊರುತ್ತದೆ, ಕತ್ತು ಮುಂದಕ್ಕೆ ಚಾಚಿ ಒಂದು ಸಲ ಮೈ ತೂಗುತ್ತದೆ, ಆ ತೂಗಿನ ಬಲದಲ್ಲೇ ಹಿಂಭಾಗ ಎತ್ತುತ್ತದೆ. ಹಿಂಗಾಲು ನೆಟ್ಟಗೆ ನಿಂತ ಮೇಲೂ ಒಂದು ಗಳಿಗೆ ಮಂಡಿಯ ಮೇಲೇ ಇದ್ದು, ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ನಿಲ್ಲುತ್ತದೆ. ಮಲಗುವಾಗ ಇದೇ ತಿರುಗಾಮುರುಗಾ: ಮೊದಲು ಮಂಡಿ ಊರುತ್ತದೆ, ಕೊನೆಯ ಗೇಣಿನಷ್ಟು ಎತ್ತರದಿಂದ ಮಂಡಿ ನೆಲಕ್ಕೆ ಬಿದ್ದೇ ಬೀಳುತ್ತದೆ. ನಾಲ್ಕು ಕ್ವಿಂಟಾಲ್ ತೂಗುವ ಸೀಮೆಹಸುವಿನ ಮೈಭಾರ ಆ ಎರಡು ಮಂಡಿಗಳ ಮೇಲೆ, ದಿನಕ್ಕೆ ಎಂಟು ಹತ್ತು ಸಲ. ಕೆಳಗಿರುವುದು ಮಣ್ಣಾದರೆ ತಡೆದುಕೊಳ್ಳುತ್ತದೆ. ಸಿಮೆಂಟಾದರೆ ಮೊದಲು ಮಂಡಿಯ ಕೂದಲು ಉದುರುತ್ತದೆ, ಆಮೇಲೆ ಚರ್ಮ ದಪ್ಪಗಟ್ಟುತ್ತದೆ, ಕೊನೆಗೆ ನಿಂಬೆಹಣ್ಣಿನ ಗಾತ್ರದ ಗಂಟು ನಿಲ್ಲುತ್ತದೆ.

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಈಗ ಸೀಮೆಹಸು ಇರುವ ಮನೆಗಳ ಕೊಟ್ಟಿಗೆಗೆಲ್ಲ ಸಿಮೆಂಟು ಬಂದಿದೆ. ತೊಳೆಯಲು ಸುಲಭ, ಹಾಲು ಕರೆಯುವ ಜಾಗ ಚೊಕ್ಕಟ. ಒಳ್ಳೆಯದೇ. ಆದರೆ ಸಿಮೆಂಟಿನ ಜೊತೆಗೇ ಬರಬೇಕಾಗಿದ್ದ ರಬ್ಬರ್ ಹಾಸು, ಅಂದರೆ ಮ್ಯಾಟು, ಎಷ್ಟೋ ಕಡೆ ಬರಲೇ ಇಲ್ಲ. ಬಂದ ಕಡೆಯೂ ನೆಲ ನೋಡದೆ, ಹಸು ನೋಡದೆ, ಅಂಗಡಿಯಲ್ಲಿ ಸಿಕ್ಕಿದ ಕರಿ ಹಾಳೆಯನ್ನು ತಂದು ಹಾಸಿದ್ದೇ ಹೆಚ್ಚು. ನಮ್ಮ ಮನೆಯಲ್ಲಿ ಆದದ್ದೂ ಅದೇ. ಮೊದಲ ಸಲ ತಂದ ಮ್ಯಾಟು ಹಳೇ ಟೈರಿನ ಪುಡಿಯನ್ನು ಗೋಂದಿನಲ್ಲಿ ಕಲಸಿ ಅಚ್ಚು ಹಾಕಿದ್ದು ಅಂತ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಅಂಚು ಉದುರಿ ಗಂಜಲ ಒಳಗೆ ಇಳಿದಿತ್ತು, ತೊಳೆದಷ್ಟೂ ನಾತ ಹೆಚ್ಚುತ್ತಿತ್ತು. ಅಂಥ ಖರ್ಚು ಇನ್ನೊಂದು ಮನೆಯಲ್ಲಿ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮ್ಯಾಟು ಎಲ್ಲ ದನಕ್ಕೂ ಬೇಕೇ ಅಂದರೆ, ಬೇಡ. ನಮ್ಮ ಚಿತ್ರದುರ್ಗ ಜಿಲ್ಲೆ ಅಮೃತ ಮಹಲ್ ದನಗಳ ಕಾವಲುಗಳ ನಾಡು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟದ್ದು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಎಮ್ಮಿಗನೂರಿನಲ್ಲಿ ಇವತ್ತಿಗೂ ಆ ತಳಿಯ ಸಂವರ್ಧನಾ ಕೇಂದ್ರ ಇದೆ, ಹೊಸದುರ್ಗ ದಾಟಿದರೆ ಅಜ್ಜಂಪುರದಲ್ಲೂ ಇದೆ. ಚಳ್ಳಕೆರೆ ಸೀಮೆಯ ಮ್ಯಾಸ ಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಅವನ್ನು ಬಯಲ ರೊಪ್ಪದಲ್ಲಿ ಕೂಡುತ್ತಾರೆ. ಹಗಲೆಲ್ಲ ಮೇದು ಬಂದು ರಾತ್ರಿ ಮಣ್ಣಿನ ಮೇಲೆ ಮಲಗುವ ಆ ದನಕ್ಕೆ ರಬ್ಬರ್ ಹಾಸಿದರೆ ಅದು ದುಡ್ಡು ದಂಡ. ಮಣ್ಣಿನ ಕೊಟ್ಟಿಗೆ ಒಣಗಿದ್ದು, ವಾರಕ್ಕೊಮ್ಮೆ ಹಳ್ಳಕೊಳ್ಳ ಮುಚ್ಚಿ ಗರಸು ಬಡಿಯುವ ರೂಢಿ ಇದ್ದರೆ ಹಾಗೇ ಇರಲಿ, ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ಮ್ಯಾಟು ಬೇಕಾದದ್ದು ದಿನದ ಹದಿನೆಂಟು ಇಪ್ಪತ್ತು ಗಂಟೆ ಗೂಟಕ್ಕೆ ಕಟ್ಟಿ ಸಿಮೆಂಟು ಇಲ್ಲವೇ ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿದ ಎಚ್.ಎಫ್., ಜರ್ಸಿ ಮಿಶ್ರತಳಿಗೆ. ಎಮ್ಮೆಗೂ ಆಗುತ್ತದೆ.

ಹಾಲು ಕೊಡುವ ಹಸು ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಮಲಗಬೇಕು. ಮಲಗಿದಾಗ ಕೆಚ್ಚಲಿಗೆ ಹರಿಯುವ ರಕ್ತ ಹೆಚ್ಚುತ್ತದೆ, ಮೆಲುಕು ಸರಿಯಾಗಿ ನಡೆಯುತ್ತದೆ, ಗೊರಸಿಗೆ ಬಿಡುವು ಸಿಗುತ್ತದೆ. ಒಂದು ಲೀಟರ್ ಹಾಲು ಆಗಬೇಕಾದರೆ ಕೆಚ್ಚಲಿನಲ್ಲಿ ನಾನೂರು ಐನೂರು ಲೀಟರ್ ರಕ್ತ ಹಾದುಹೋಗಬೇಕು. ನೆಲ ಗಟ್ಟಿ ಇದ್ದರೆ ಹಸು ಮಲಗಲು ಹಿಂಜರಿಯುತ್ತದೆ, ಮಲಗಿದ್ದು ಏಳಲು ಹಿಂಜರಿಯುತ್ತದೆ. ಕತ್ತು ಬಗ್ಗಿಸಿ ನೆಲ ಮೂಸುತ್ತ, ಒಂದು ಕಾಲು ಮುಂದಿಟ್ಟು ಹಿಂದೆಗೆದು, ನಿಂತೇ ಇರುವ ಹಸುವನ್ನು ಗಮನಿಸಿ. ಅದಕ್ಕೆ ಮಲಗುವ ಆಸೆ ಇದೆ, ಧೈರ್ಯ ಇಲ್ಲ.

ಕೊಳ್ಳುವ ಮುಂಚೆ ನಿಮ್ಮ ಮಂಡಿಯಿಂದಲೇ ಒಂದು ಪರೀಕ್ಷೆ ಮಾಡಬಹುದು. ಹಸು ಕಟ್ಟುವ ಜಾಗದಲ್ಲಿ, ಹಸು ಮಲಗುವಂತೆಯೇ, ಎರಡೂ ಮಂಡಿ ಊರಿ ಕೂರಿ. ಒಂದು ನಿಮಿಷ ಹಾಗೇ ಇರಿ. ನಿಮಗೆ ನೋವಾದರೆ ಹಸುವಿಗೆ ಆಗದೆ ಇರುತ್ತದೆಯೇ? ಎದ್ದ ಮೇಲೆ ಪಂಚೆಯೋ ಪ್ಯಾಂಟೋ ಒದ್ದೆಯಾಗಿದ್ದರೆ ನೆಲದಲ್ಲಿ ಪಸೆ ಇದೆ, ಮ್ಯಾಟಿಗಿಂತ ಮೊದಲು ಅದನ್ನು ಸರಿಮಾಡಬೇಕು. ಹೊಸ ಮ್ಯಾಟನ್ನು ಅಂಗಡಿಯಲ್ಲೂ ನೆಲಕ್ಕೆ ಹಾಸಿಸಿ ಹೀಗೇ ನೋಡಿ. ನಾಚಿಕೆ ಪಟ್ಟುಕೊಳ್ಳಬೇಡಿ.

ಮೊದಲು ನೆಲ. ಹಿರಿಯೂರಿನ ಎರೆಭೂಮಿಗೂ ಹೊಸದುರ್ಗ, ಹೊಳಲ್ಕೆರೆಯ ಕೆಂಪು ಮಸಾರಿಗೂ ಇಲ್ಲಿ ದೊಡ್ಡ ವ್ಯತ್ಯಾಸ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಹಾಕಿದ ಕೊಟ್ಟಿಗೆ ಎರಡು ಮಳೆಗಾಲಕ್ಕೇ ಸೀಳುತ್ತದೆ, ಸೀಳಿನ ಮೇಲೆ ಹಾಸಿದ ಮ್ಯಾಟು ಅಲ್ಲೇ ಮಡಿಚಿ ಹರಿಯುತ್ತದೆ. ಎರೆ ಇರುವವರು ಮೊಳದಷ್ಟಾದರೂ ಮೇಲ್ಮಣ್ಣು ತೆಗೆಸಿ, ಗರಸು ತುಂಬಿ, ನೀರು ಹಾಕಿ ಬಡಿಸಿ, ಆಮೇಲೆ ಕಲ್ಲು, ಕಾಂಕ್ರೀಟು ಹಾಕಿಸಬೇಕು. ಮಸಾರಿಯಲ್ಲಿ ಇಷ್ಟು ಕೆಲಸ ಬೇಕಿಲ್ಲ, ಗರಸು ಅಲ್ಲೇ ಸಿಗುತ್ತದೆ, ಬಡಿದರೆ ಗಟ್ಟಿಯಾಗಿ ಕೂರುತ್ತದೆ.

ಇನ್ನು ವಾಟ. ಗಾರೆ ಮೇಸ್ತ್ರಿಗೆ ಇದೊಂದನ್ನು ಒತ್ತಿ ಹೇಳಿ. ಗೋದಲಿಯಿಂದ ಗಂಜಲದ ಮೋರಿಯ ಕಡೆಗೆ ನಲವತ್ತು ಅಡಿಗೆ ಒಂದು ಅಡಿ, ಕಡಿಮೆ ಅಂದರೆ ಅರವತ್ತಕ್ಕೆ ಒಂದು. ಅಂದರೆ ಆರು ಅಡಿ ಉದ್ದದ ನಿಲುವಿಗೆ ಒಂದೂಕಾಲರಿಂದ ಒಂದೂಮುಕ್ಕಾಲು ಇಂಚು ಇಳಿಜಾರು. ಇದಕ್ಕಿಂತ ಹೆಚ್ಚಾದರೆ ಹಸುವಿನ ಭಾರವೆಲ್ಲ ಹಿಂಗಾಲಿಗೆ ಬೀಳುತ್ತದೆ, ತುಂಬು ಗಬ್ಬದ ಹಸುವಿಗೆ ಅದು ಒಳ್ಳೆಯದಲ್ಲ. ಕಡಿಮೆಯಾದರೆ ಗಂಜಲ ಮ್ಯಾಟಿನ ಕೆಳಗೆ ನಿಲ್ಲುತ್ತದೆ. ನಿಂತ ಗಂಜಲದಿಂದ ಏಳುವ ಅಮೋನಿಯಾ ಹಸುವಿನ ಕಣ್ಣಿಗೂ ಪುಪ್ಪುಸಕ್ಕೂ ಕೆಟ್ಟದ್ದು, ಹಾಲು ಕರೆಯಲು ಕೂರುವ ನಮಗೂ ಕೆಟ್ಟದ್ದು. ವಾಟ ಸರಿ ಇದೆಯೇ ತಿಳಿಯಲು ಒಂದು ಬಿಂದಿಗೆ ನೀರು ಗೋದಲಿ ಬುಡದಲ್ಲಿ ಸುರಿಯಿರಿ. ಐದು ನಿಮಿಷದ ಮೇಲೆ ಎಲ್ಲೂ ಮಡು ನಿಂತಿರಬಾರದು.

ಆಮೇಲೆ ಅಳತೆ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಏಳು ಅಡಿ ಉದ್ದ, ನಾಲ್ಕು ಅಡಿ ಅಗಲದ್ದು. ಆರೂವರೆ ಅಡಿಯದ್ದೂ ಇರುತ್ತದೆ. ನಮ್ಮ ಹಳೇ ಕೊಟ್ಟಿಗೆಗಳಲ್ಲಿ ನಿಲುವು ಐದೂವರೆ ಅಡಿಯೇ ಇದ್ದರೆ ಏಳು ಅಡಿ ಮ್ಯಾಟಿನ ಹಿಂದಿನ ತುದಿ ಮೋರಿಗೆ ಇಳಿಬೀಳುತ್ತದೆ. ಹಸು ಹಿಂದೆ ಸರಿದು ಅದರ ಮೇಲೆ ಕಾಲಿಟ್ಟರೆ ಮ್ಯಾಟು ಕುಸಿದು ಕಾಲು ಉಳುಕುತ್ತದೆ. ಆದ್ದರಿಂದ ಟೇಪು ಹಿಡಿದು ಗೋದಲಿ ಗೋಡೆಯಿಂದ ಮೋರಿಯ ಅಂಚಿನವರೆಗೆ ಅಳೆದು, ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಬೆಳಗ್ಗೆ ಸಗಣಿ ಎಲ್ಲಿ ಬಿದ್ದಿದೆ ಅನ್ನುವುದನ್ನೂ ನೋಡಿಕೊಳ್ಳಿ. ಮೋರಿಗಿಂತ ಒಂದಡಿ ಮುಂದೆಯೇ ಬೀಳುತ್ತಿದ್ದರೆ ಹಸುವಿಗೆ ನಿಲುವು ಉದ್ದವಾಗಿದೆ, ಮ್ಯಾಟು ದಿನವೂ ಕೊಳಕಾಗುತ್ತದೆ. ಅಂಥ ಕಡೆ ಕಣ್ಣಿ ಒಂದು ಗೇಣು ಸಡಿಲಿಸಿದರೆ ಸಾಕಾಗಬಹುದು.

ಈಗ ರಬ್ಬರಿನ ವಿಚಾರ. ಮಾರುಕಟ್ಟೆಗೆ ಬರುವುದು ಮುಖ್ಯವಾಗಿ ಮೂರು ಬಗೆ.

ಗಂಧಕ ಸೇರಿಸಿ, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿ ಅಚ್ಚು ಹಾಕಿದ ಒಂದೇ ತುಂಡಿನ ರಬ್ಬರ್ ಎಲ್ಲಕ್ಕಿಂತ ಒಳ್ಳೆಯದು. ನೀರು ಹೀರುವುದಿಲ್ಲ, ಅಂಚು ಉದುರುವುದಿಲ್ಲ. ಟೈರಿನ ಪುಡಿಯನ್ನು ಅಂಟಿನಿಂದ ಕೂಡಿಸಿದ್ದು ಎರಡನೆಯದು. ನೋಡಲು ಎಳ್ಳುಂಡೆಯ ಮೈ ಇದ್ದಂತೆ ಕಾಳುಕಾಳು. ಜಿಮ್ಮಿನ ನೆಲಕ್ಕೆ, ಮಕ್ಕಳ ಆಟದ ಜಾಗಕ್ಕೆ ಸರಿ. ಗಂಜಲ ಬೀಳುವಲ್ಲಿಗೆ ಅಲ್ಲ. ಮೂರನೆಯದು ಚಪ್ಪಲಿ ಅಟ್ಟೆಯಂಥ ಇ.ವಿ.ಎ. ಫೋಮಿನದು. ಮೆತ್ತಗಿದೆ, ಹೆಂಗಸರೊಬ್ಬರೇ ಎತ್ತಿ ತೊಳೆಯುವಷ್ಟು ಹಗುರ. ಆದರೆ ಹಗುರ ಅನ್ನುವುದೇ ಅದರ ತೊಂದರೆ: ನೆಲಕ್ಕೆ ಬಿಗಿಯದಿದ್ದರೆ ಹಸುವಿನ ಕಾಲಡಿಯಲ್ಲಿ ಜಾರುತ್ತದೆ, ಗೊರಸು ಚೂಪಾಗಿದ್ದರೆ ಬೇಗ ಕಿತ್ತುಬರುತ್ತದೆ. ಕರುಗಳಿಗೆ, ಮುದಿ ಹಸುವಿಗೆ ತಗೊಳ್ಳಬಹುದು.

ಅಂಗಡಿಯವರು "ಹದಿನೇಳು ಎಂ.ಎಂ. ಐತೆ ಕಣಣ್ಣ, ಪ್ಯೂರ್ ರಬ್ಬರ್" ಅಂದ ಕೂಡಲೇ ಒಪ್ಪಬೇಡಿ, ಲೆಕ್ಕ ಹಾಕಿ. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, 17 ಮಿ.ಮೀ. ದಪ್ಪ ಅಂದರೆ ಸುಮಾರು 44 ಲೀಟರ್ ಗಾತ್ರ. ಒಳ್ಳೆಯ ರಬ್ಬರ್ ಮಿಶ್ರಣ ನೀರಿಗಿಂತ ಕೊಂಚವೇ ಭಾರ. ಹಾಗಾಗಿ ತಳದ ಗೆರೆಗಳಲ್ಲಿ ಕಳೆದದ್ದು ಬಿಟ್ಟು ಮ್ಯಾಟು 40ರಿಂದ 50 ಕಿಲೋ ತೂಗಬೇಕು. 25 ಕಿಲೋ ಬಂದರೆ ಹೇಳಿದಷ್ಟು ದಪ್ಪ ಇಲ್ಲ, ಇಲ್ಲವೇ ಒಳಗೆ ಫೋಮು ಇದೆ. 60 ದಾಟಿದರೆ ಖುಷಿಪಡುವಂತಿಲ್ಲ. ಸೀಮೆಸುಣ್ಣದ ಪುಡಿ, ಜೇಡಿ ಹೆಚ್ಚು ತುಂಬಿದ್ದಾರೆ ಅಂತ ಅನುಮಾನ ಪಡಬೇಕು. ಮೆಕ್ಕೆಜೋಳ ತೂಗುವ ತಕ್ಕಡಿ ಎಲ್ಲ ಊರಲ್ಲೂ ಇದೆಯಲ್ಲ, ಮನೆಗೆ ಒಯ್ಯುವ ಮುಂಚೆ ಅದರ ಮೇಲೆ ಇಟ್ಟು ನೋಡಿ.

ಪುಡಿ ಹೆಚ್ಚು ತುಂಬಿದ್ದನ್ನು ಹಿಡಿಯಲು ಇನ್ನೊಂದು ದಾರಿ ಇದೆ. ಮ್ಯಾಟಿನ ಒಂದು ಮೂಲೆಯನ್ನು ಹಿಂದಕ್ಕೆ ಪೂರ್ತಿ ಮಡಿಚಿ, ಮಡಿಕೆಯ ಮೇಲೆ ಪಾದ ಇಟ್ಟು ಹತ್ತು ಎಣಿಸಿ ಬಿಡಿ. ಒಳ್ಳೆಯ ರಬ್ಬರ್ ತಟ್ಟನೆ ಚಪ್ಪಟೆಯಾಗುತ್ತದೆ, ಮಡಿಚಿದ ಗುರುತೇ ಇರುವುದಿಲ್ಲ. ಪುಡಿ ತುಂಬಿದ್ದರಲ್ಲಿ ಮಡಿಕೆಯುದ್ದಕ್ಕೂ ಬೂದುಬಣ್ಣದ ಗೆರೆ ಏಳುತ್ತದೆ, ಕೆಲವು ಸಲ ಅಲ್ಲೇ ಕೂದಲೆಳೆಯ ಬಿರುಕು ಕಾಣುತ್ತದೆ. ಹೆಬ್ಬೆರಳ ಉಗುರಿನಿಂದ ಒತ್ತಿದರೆ ಗುರುತು ಬಿದ್ದು ಕೂಡಲೇ ಮಾಯವಾಗಬೇಕು. ಗುರುತೇ ಬೀಳದಿದ್ದರೆ ಅದು ಸಿಮೆಂಟಿನ ತಮ್ಮ. ಕೊನೆಗೆ ಮೂಸಿ ನೋಡಿ. ಬಿಸಿಲಲ್ಲಿ ನಿಂತ ಲಾರಿ ಟೈರಿನ ಘಾಟು ಮೂಗಿಗೆ ಬಡಿದರೆ ಹಸುವೂ ಅದರ ಮೇಲೆ ಮೂತಿ ಇಟ್ಟು ಮಲಗಲು ಹಿಂದೆಗೆಯುತ್ತದೆ.

ಮೇಲ್ಮೈ ಹೇಗಿರಬೇಕು? ತೀರ ನುಣುಪಾದರೆ ಸಗಣಿ ಬಿದ್ದಾಗ ಜಾರುತ್ತದೆ. ಆಳವಾದ ಗೆರೆ ಇದ್ದರೆ ಸಗಣಿ ಒಳಗೆ ಕೂತು ಉಜ್ಜಿದರೂ ಬಿಡುವುದಿಲ್ಲ. ಸುತ್ತಿಗೆಯಿಂದ ಬಡಿದ ತಾಮ್ರದ ಹಂಡೆಯ ಮೈ ಇರುತ್ತದಲ್ಲ, ಅಷ್ಟು ತಗ್ಗುದಿಣ್ಣೆ ಸಾಕು. ತಳದಲ್ಲಿ ಮಾತ್ರ ಉದ್ದುದ್ದ ಗೆರೆಯೋ ಗುಬುಟೋ ಇರಲೇಬೇಕು. ಒಳಗೆ ನುಗ್ಗಿದ ನೀರು ಮೋರಿಗೆ ಹರಿಯುವುದು ಅದರ ನಡುವೆಯೇ, ಮ್ಯಾಟಿಗೆ ಮೆತುವು ಬರುವುದೂ ಅದರಿಂದಲೇ. ಗೆರೆ ವಾಟದ ಕಡೆಗೇ ಇರುವಂತೆ ಹಾಸಬೇಕು, ಅಡ್ಡ ಹಾಸಿದರೆ ಒಂದೊಂದು ಗೆರೆಯೂ ಒಂದೊಂದು ಒಡ್ಡಾಗುತ್ತದೆ.

ಲಾಯಕ್ಕೆಂದು ಮಾಡಿದ ಕುದುರೆ ಮ್ಯಾಟನ್ನೇ ಹಸುವಿಗೂ ಮಾರುವುದುಂಟು. ಎರಡೂ ಒಂದಲ್ಲ. ಕುದುರೆ ನಿಂತೇ ನಿದ್ದೆ ಮಾಡಬಲ್ಲದು, ಮಲಗುವುದು ದಿನದಲ್ಲಿ ಸ್ವಲ್ಪ ಹೊತ್ತು. ಏಳುವಾಗ ಮುಂಗಾಲು ಮೊದಲು ಚಾಚಿ ಏಳುತ್ತದೆ, ಮಂಡಿಯ ಮೇಲೆ ಭಾರ ಬಿಡುವುದಿಲ್ಲ. ಕಾಲಿಗೆ ಲಾಳ ಹೊಡೆದಿರುವುದರಿಂದ ಅದಕ್ಕೆ ಮುಕ್ಕಾಲು ಇಂಚು ದಪ್ಪದ ಗಟ್ಟಿ ರಬ್ಬರೇ ಸರಿ, ಮೆತ್ತಗಿನದಾದರೆ ಲಾಳದ ಅಂಚು ಸೀಳಿಬಿಡುತ್ತದೆ. ಕುದುರೆಗೆ ಹೊಂದುವ ಗಟ್ಟಿತನ ಅರ್ಧ ದಿನ ಮಲಗೇ ಕಳೆಯುವ ಹಸುವಿಗೆ ಹೊಂದುವುದಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಸಾಕಿದವರು ಹಸುವಿನ ಮ್ಯಾಟು ತಂದು ಹಾಸುವುದೂ ಅಷ್ಟೇ ತಪ್ಪು.

ಹಾಸುವ ಕೆಲಸಕ್ಕೆ ಇಬ್ಬರು ಬೇಕು. ಮ್ಯಾಟನ್ನು ಒಂದು ದಿನ ಮೊದಲೇ ನೆರಳಲ್ಲಿ ಬಿಡಿಸಿ ಹರಡಿ, ಸುರುಳಿಯ ಬಾಗು ಹೋಗಲಿ. ಬಿಗಿಯುವುದಾದರೆ ಗೋದಲಿ ಕಡೆಯ ಅಂಚನ್ನಷ್ಟೇ ಬಿಗಿಯಿರಿ, ಬೋಲ್ಟಿನ ತಲೆ ರಬ್ಬರಿನೊಳಗೆ ಹುದುಗಿರಲಿ. ಗೊರಸಿನ ತುಳಿತಕ್ಕೆ ಮ್ಯಾಟು ವರ್ಷಗಳಲ್ಲಿ ಕೊಂಚ ಹಿಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ನಡುವೆ ಗುಡ್ಡೆ ಏಳುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಐದು ಹಸು ಇದ್ದರೆ ಐದು ಮ್ಯಾಟು ಒಟ್ಟಿಗೆ ತರಬೇಡಿ. ಒಂದೇ ತನ್ನಿ. ಹದಿನೈದು ದಿನ ಒಂದು ಹಸುವಿನಡಿ ಹಾಸಿ ನೋಡಿ. ಮೊದಲೆರಡು ದಿನ ಹೊಸ ವಾಸನೆಗೆ ಮಲಗದೆ ಇರಬಹುದು. ಅದೇ ಕೊಟ್ಟಿಗೆಯ ಒಂದು ಹಿಡಿ ಹುಲ್ಲು, ಚೂರು ಸಗಣಿ ಉಜ್ಜಿದರೆ ತನ್ನದು ಅಂತ ಒಪ್ಪಿಕೊಳ್ಳುತ್ತದೆ. ರಾತ್ರಿ ಊಟವಾದ ಮೇಲೆ ಒಂದು ಸಲ, ನಸುಕಿನಲ್ಲಿ ಒಂದು ಸಲ ಬ್ಯಾಟರಿ ಹಿಡಿದು ಹೋಗಿ ನೋಡಿ: ಮ್ಯಾಟಿನ ಹಸು ಮಲಗಿದೆಯೇ, ಸಿಮೆಂಟಿನ ಹಸು ನಿಂತಿದೆಯೇ? ನಮ್ಮ ಅವ್ವ ನೋಡಿದ್ದು ಇದನ್ನೇ. ಹಿಂದಿನ ಮೋಸದಿಂದ ಬೇಸತ್ತಿದ್ದ ಆಕೆ ಹತ್ತನೇ ದಿನ ಬೆಳಗ್ಗೆ ಒಳಗೆ ಬಂದು, "ಗೌರಿ ರಾತ್ರಿ ಎಲ್ಲ ಕಾಲು ಚಾಚ್ಕಂಡು ಮಲ್ಗಿತ್ತಪ್ಪ, ಲಕ್ಷ್ಮಿಗೂ ಒಂದು ತಂದ್ಬಿಡು" ಅಂದಳು.

ಮ್ಯಾಟು ಬಂತೆಂದು ಹಾಸು ಪೂರ್ತಿ ಬಿಡುವಂತಿಲ್ಲ. ರಬ್ಬರ್ ನೀರು ಹೀರುವುದಿಲ್ಲ, ಬಿದ್ದ ಗಂಜಲ ಮೇಲೇ ತೇಲುತ್ತದೆ, ಒದ್ದೆಯಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಹಿಡಿಯುತ್ತದೆ. ತೆಳ್ಳಗೆ ಏನಾದರೂ ಉದುರಿಸಬೇಕು. ರಾಗಿ ಹುಲ್ಲು ಹಾಸುವುದು ಬೇಡ, ನಮ್ಮ ಸೀಮೆಯಲ್ಲಿ ಅದು ಮೇವು. ಹೊಸದುರ್ಗದ ಕಡೆಯವರಿಗೆ ತೆಂಗಿನ ನಾರಿನ ಪುಡಿ ಕೈಗೆಟುಕುವಷ್ಟು ಹತ್ತಿರ. ಚೆನ್ನಾಗಿ ಒಣಗಿಸಿದ್ದಾದರೆ ಅದರಷ್ಟು ಗಂಜಲ ಹೀರುವುದು ಬೇರೊಂದಿಲ್ಲ, ಆಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರವೂ ಹೌದು. ಮರದ ಹೊಟ್ಟು ಸಿಕ್ಕಿದರೆ ಅದೂ ಆಗುತ್ತದೆ. ಹಿರಿಯೂರು ಕಡೆ ಶೇಂಗಾ ಸಿಪ್ಪೆ ಹಾಸುವ ರೂಢಿಯಿದೆ. ಅದು ಒಣಗಿರಬೇಕು. ಬೂಸ್ಟು ಹಿಡಿದ ಸಿಪ್ಪೆಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹಸು ಬಾಯಾಡಿಸಿದರೆ ಅದು ಹಾಲಿಗೂ ಇಳಿಯುತ್ತದೆ. ಸುಟ್ಟ ಸುಣ್ಣ, ಅರಳಿದ ಸುಣ್ಣ ಮ್ಯಾಟಿನ ಮೇಲೆ ಎರಚಬೇಡಿ, ಮೊಲೆತೊಟ್ಟು ಸುಡುತ್ತದೆ.

ಹಾಲು ಕರೆದ ಮೇಲೆ ಅರ್ಧ ಮುಕ್ಕಾಲು ಗಂಟೆ ತೊಟ್ಟಿನ ತೂತು ತೆರೆದೇ ಇರುತ್ತದೆ. ಮ್ಯಾಟು ಮೆತ್ತಗಿರುವುದರಿಂದ ಹಸು ಕೂಡಲೇ ಮಲಗಲು ನೋಡುತ್ತದೆ. ಅಷ್ಟು ಹೊತ್ತು ಅದನ್ನು ನಿಲ್ಲಿಸಬೇಕು. ಉಪಾಯ ಸರಳ: ಹಿಂಡಿ ಕರೆಯುವಾಗ ಕೊಟ್ಟರೂ ಹಸಿಮೇವನ್ನು ಕರೆದ ಮೇಲೆ ಹಾಕಿ.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 38, 40 ಡಿಗ್ರಿ ಮುಟ್ಟುತ್ತದೆ. ಕರಿ ರಬ್ಬರಿನ ಮೇಲೆ ಬಿಸಿಲು ಬಿದ್ದರೆ ಬರಿಗಾಲು ಇಡಲಾಗುವುದಿಲ್ಲ. ತೆರೆದ ಅಂಗಳಕ್ಕೆ ಮ್ಯಾಟು ಬೇಡವೇ ಬೇಡ. ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮಕ್ಕಿದ್ದರೆ ಬಿಸಿಲು ಒಳಕ್ಕೆ ಬರುವುದು ಕಡಿಮೆ. ಹಾಗಿಲ್ಲದವರು ಪಡುವಣ ಕಡೆ ತೆಂಗಿನ ಗರಿಯ ತಡಿಕೆ ಕಟ್ಟಿ. ನೆರಳಿದ್ದೂ ಕಡುಬೇಸಿಗೆಯ ಮಧ್ಯಾಹ್ನ ಹಸು ಮ್ಯಾಟು ಬಿಟ್ಟು ಬರಿ ಸಿಮೆಂಟಿನ ಕಡೆ ಸರಿದರೆ ಬಲವಂತ ಬೇಡ. ತಂಪು ಹುಡುಕುತ್ತಿದೆ ಅಷ್ಟೆ, ಸಂಜೆಗೆ ಹಿಂದಿರುಗುತ್ತದೆ.

ಉಣ್ಣೆ ಕಾಟಕ್ಕೆ ಸುಟ್ಟ ಆಯಿಲ್, ಡೀಸೆಲ್, ಸೀಮೆಎಣ್ಣೆ ಬಳಿಯುವ ಅಭ್ಯಾಸ ಕೆಲವರಿಗಿದೆ. ಆ ಎಣ್ಣೆಗಳನ್ನು ಕುಡಿದು ರಬ್ಬರ್ ಊದಿಕೊಳ್ಳುತ್ತದೆ, ಮೆತ್ತಗಾಗಿ ಹರಿಯುತ್ತದೆ, ಹಸುವಿನ ಚರ್ಮಕ್ಕೂ ಅದು ಒಳ್ಳೆಯದಲ್ಲ. ಗೋಡೆ ಸಂದಿಯ ಉಣ್ಣೆಗೆ ಬೆಂಕಿ ಹಿಡಿಯುವಾಗ ಮ್ಯಾಟನ್ನು ಹೊರಗೆ ತೆಗೆದಿರಿ. ಕಾಲುಬಾಯಿ ಜ್ವರದ ದಿನಗಳಲ್ಲಿ ತೊಳೆಯಲು ನೂರು ಲೀಟರ್ ನೀರಿಗೆ ನಾಲ್ಕು ಕಿಲೋ ವಾಷಿಂಗ್ ಸೋಡಾ ಕಲಸಿದ ನೀರು ಸಾಕು, ರಬ್ಬರಿಗೆ ಅದರಿಂದ ತೊಂದರೆ ಇಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರು ಗಮನಿಸುವುದಿಲ್ಲ. ಒರಟು ಸಿಮೆಂಟು ಗೊರಸನ್ನು ತಾನಾಗಿ ಸವೆಸುತ್ತಿತ್ತು. ರಬ್ಬರಿನ ಮೇಲೆ ಆ ಸವೆತ ಕಡಿಮೆ, ಗೊರಸು ಚಪ್ಪಲಿಯ ಮೂತಿಯಂತೆ ಉದ್ದ ಬೆಳೆದು ಹಸು ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯತೊಡಗುತ್ತದೆ. ವರ್ಷಕ್ಕೆ ಎರಡು ಸಲ ಗೊರಸು ಕೊಯ್ಯಿಸಿ, ದಿನಕ್ಕೆ ಒಂದೆರಡು ಗಂಟೆಯಾದರೂ ಬಿಚ್ಚಿ ಹೊರಗೆ ಓಡಾಡಿಸಿ. ಕಟ್ಟಿಹಾಕಿದ ತೊಂದರೆಯನ್ನು ಯಾವ ಮ್ಯಾಟೂ ತೀರಿಸುವುದಿಲ್ಲ.

ದರ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಕೊಳ್ಳುವ ಮುಂಚೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ, ಹಾಲು ಒಕ್ಕೂಟ ಶಿಮುಲ್‌ಗೆ ಹಾಲು ಹಾಕುವವರಾದರೆ ನಿಮ್ಮ ಡೇರಿ ಕಾರ್ಯದರ್ಶಿಯ ಹತ್ತಿರ, ರಿಯಾಯಿತಿಯಲ್ಲಿ ಮ್ಯಾಟು ಕೊಡುವ ಯೋಜನೆ ಈಗ ಇದೆಯೇ ಅಂತ ವಿಚಾರಿಸಿ. ಇದ್ದರೂ ಮೇಲೆ ಹೇಳಿದ ತೂಕ, ಮಡಿಕೆಯ ಪರೀಕ್ಷೆ ಬಿಡಬೇಡಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಕೊಟ್ಟಿಗೆಯ ನಕ್ಷೆ ತೋರಿಸಿ ಸಲಹೆ ಕೇಳಬಹುದು. ಜಾರಿ ಬಿದ್ದ ಹಸು ಏಳದಿದ್ದರೆ ಎಳೆದಾಡಿ ಎಬ್ಬಿಸುವ ಮುಂಚೆ 1962ಕ್ಕೆ ಫೋನು ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಹದಿನೈದು ದಿನಕ್ಕೊಮ್ಮೆ ಮ್ಯಾಟು ಎತ್ತಲೇಬೇಕು. ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಹಸುಗಳನ್ನು ಹೊರಗೆ ಕಟ್ಟಿ, ಮ್ಯಾಟಿನ ತಳವನ್ನು ತೆಂಗಿನ ಪೊರಕೆಯಲ್ಲಿ ಉಜ್ಜಿ, ಗೋಡೆಗೆ ಒರಗಿಸಿ ನೆರಳಲ್ಲಿ ಆರಲು ಬಿಡಿ. ಕೆಳಗಿನ ಸಿಮೆಂಟಿನಲ್ಲಿ ಹುಳು, ಉಣ್ಣೆ ಮೊಟ್ಟೆ, ಮಡುಗಟ್ಟಿದ ಗಂಜಲ ಏನಿದೆ ಅಂತ ಕಣ್ಣಾರೆ ನೋಡಿ. ನೆಲ ಪೂರ್ತಿ ಒಣಗಿದ ಮೇಲೆ ಮತ್ತೆ ಹಾಸಿ. ಅದೇ ಹೊತ್ತಿಗೆ ಹೊರಗೆ ಕಟ್ಟಿದ ಹಸುವಿನ ಮುಂದೆ ಕೂತು ಎರಡೂ ಮಂಡಿಗಳ ಮೇಲೆ ಕೈಯಾಡಿಸಿ: ಮೂರು ತಿಂಗಳ ಹೊತ್ತಿಗೆ ಬೋಳಾಗಿದ್ದ ಜಾಗದಲ್ಲಿ ಚಿಕ್ಕ ಚಿಕ್ಕ ಹೊಸ ಕೂದಲು ಬೆರಳಿಗೆ ತಾಗಬೇಕು.